ತಣ್ಣಗಾದಾಗ ಮಾತ್ರ ತೆರೆಯುವ ಬಿರುಕು

ಬೈಜಿಕ ಸಮ್ಮಿಲನದ ಮಾತು ಬಂದರೆ ಜನ ಮೊದಲು ಕೇಳುವುದು ಬಿಸಿಯ ಬಗ್ಗೆ. 15 ಕೋಟಿ ಡಿಗ್ರಿ ಕಾವಿನ ಪ್ಲಾಸ್ಮಾವನ್ನು ಯಾವ ಪಾತ್ರೆಯಲ್ಲಿ ಇಡುತ್ತೀರಿ, ಪಾತ್ರೆ ಕರಗುವುದಿಲ್ಲವೇ ಎನ್ನುತ್ತಾರೆ. ಈ ಕೆಲಸಕ್ಕೆ ಸೇರಿದ ಹೊಸತರಲ್ಲಿ ನನಗೂ ಅದೇ ಬೆರಗಿತ್ತು. ಫ್ರಾನ್ಸಿನ ದಕ್ಷಿಣದಲ್ಲಿ ಕಟ್ಟುತ್ತಿರುವ ಐಟರ್ ಯಂತ್ರದ ಒಡಲಿನಲ್ಲಿ ಸುಮಾರು 840 ಘನ ಮೀಟರ್ ಪ್ಲಾಸ್ಮಾ ಹಿಡಿಯುತ್ತದೆ. ಆದರೆ ಅಷ್ಟೂ ಜಾಗದಲ್ಲಿ ಇರುವ ಇಂಧನ ಒಂದು ಗ್ರಾಂಗಿಂತ ಕಡಿಮೆ. ಕಾಂತಕ್ಷೇತ್ರದ ಹಿಡಿತ ತಪ್ಪಿ ಗೋಡೆಗೆ ತಗುಲಿದರೆ ಅದು ಗೋಡೆಯನ್ನು ಗಾಯಗೊಳಿಸಬಹುದು, ತಾನು ಮಾತ್ರ ಕ್ಷಣದಲ್ಲಿ ಆರಿಹೋಗುತ್ತದೆ. ನನ್ನ ವೃತ್ತಿಯಲ್ಲಿ ನಾನು ಸೋತದ್ದು ಈ ಬಿಸಿಯ ಮುಂದಲ್ಲ. ಅದರಿಂದ ಕೆಲವೇ ಮೀಟರ್ ದೂರದಲ್ಲಿರುವ ಚಳಿಯ ಮುಂದೆ ಸೋತೆ. ಆ ಸೋಲಿನಲ್ಲಿ ನನ್ನ ಸಹಿಯಿದ್ದ ಒಂದು ಕಾಗದದ ಪಾಲು ದೊಡ್ಡದು.

ಪ್ಲಾಸ್ಮಾವನ್ನು ಉಂಗುರದಾಕಾರದ ಕೋಣೆಯಲ್ಲಿ ತೇಲಿಸಿ ಹಿಡಿಯುವುದು ಕಾಂತಕ್ಷೇತ್ರ. ಟೋಕಮಾಕ್ ಎಂಬ ಯಂತ್ರದ ಜೀವಾಳವೇ ಅದು. ಅಷ್ಟು ಬಲದ ಕ್ಷೇತ್ರವನ್ನು ತಾಮ್ರದ ತಂತಿಯಿಂದ ಹುಟ್ಟಿಸಹೊರಟರೆ ತಂತಿ ಕಾಯುವುದರಲ್ಲೇ ವಿದ್ಯುತ್ತೆಲ್ಲ ಮುಗಿಯುತ್ತದೆ. ಆದ್ದರಿಂದ ನಿಯೋಬಿಯಂ ಬೆರೆತ ಅತಿವಾಹಕ ತಂತಿ ಬೇಕು. ಅತಿವಾಹಕ ತನ್ನ ಗುಣ ತೋರಬೇಕಾದರೆ ಅದನ್ನು ದ್ರವ ಹೀಲಿಯಂನ ಮಟ್ಟಕ್ಕೆ, ಅಂದರೆ ಸೊನ್ನೆಗಿಂತ 269 ಡಿಗ್ರಿ ಕೆಳಕ್ಕೆ, ಒಯ್ಯಬೇಕು. ಐಟರ್‌ನಲ್ಲಿ ಉಂಗುರವನ್ನು ಸುತ್ತುವರಿಯುವ ಕಾಂತಗಳು 18. ಒಂದೊಂದೂ 17 ಮೀಟರ್ ಎತ್ತರ, ಮುನ್ನೂರು ಟನ್ನಿಗೂ ಮಿಕ್ಕಿದ ತೂಕ. ಅದರಲ್ಲಿ ಹರಿಯುವ ವಿದ್ಯುತ್ತು 68,000 ಆಂಪಿಯರ್. ಭೂಮಿಯ ಮೇಲಿನ ಅತಿ ಬಿಸಿಯಾದ ವಸ್ತುಗಳಲ್ಲೊಂದೂ ಅತಿ ತಣ್ಣನೆಯ ವಸ್ತುಗಳಲ್ಲೊಂದೂ ಒಂದೇ ಸೂರಿನಡಿ ಬಾಳಬೇಕು.

ನಾನು ಮೆಕ್ಯಾನಿಕಲ್ ಎಂಜಿನಿಯರ್. ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅತಿ ಶೀತದ ಕೊಳವೆಗಳ ತಪಾಸಣೆ ನನ್ನ ಹೊಣೆಯಾಗಿತ್ತು. ಸಮ್ಮಿಲನ ಸಂಶೋಧನೆಗೆಂದು ದೊಡ್ಡ ಅತಿವಾಹಕ ಕಾಂತಗಳನ್ನು ಒರೆಗೆ ಹಚ್ಚುವ ಒಂದು ಪರೀಕ್ಷಾ ಘಟಕಕ್ಕೆ ಹೀಲಿಯಂ ಕೊಳವೆ ಜಾಲ ಮಾಡಿಕೊಡುವ ಕೆಲಸ ನಮಗೆ ಬಂತು. ಸಣ್ಣ ಕಾರ್ಖಾನೆ, ದೊಡ್ಡ ಆರ್ಡರು. ನಮ್ಮವರಿಗೆಲ್ಲ ಅದು ಹೆಮ್ಮೆಯ ವಿಷಯ. ಅದೇ ಬೆಂಗಳೂರಿನ ಇನ್ನೊಂದು ಕಂಪನಿ ಐಟರ್‌ನ ನಿರ್ವಾತ ಕೋಣೆಯ ಎರಡು ಗೋಡೆಗಳ ನಡುವೆ ತುಂಬುವ ಬೋರಾನ್ ಬೆರೆತ ಉಕ್ಕಿನ ಗಟ್ಟಿಗಳನ್ನು ಸಾವಿರಗಟ್ಟಲೆ ಮಾಡಿ ಕಳಿಸಿದೆ. ಐಟರ್‌ನ ಹೊರಕವಚವಾದ 3,850 ಟನ್ನಿನ ಕ್ರಯೋಸ್ಟಾಟ್ ಸೂರತ್ ಪಕ್ಕದ ಹಜೀರಾದಲ್ಲಿ ತಯಾರಾಯಿತು. ಈ ಬಗೆಯ ಕೆಲಸ ನಮ್ಮ ಕೈಗೂ ದಕ್ಕುತ್ತದೆ ಎಂಬ ಹುಮ್ಮಸ್ಸಿನಲ್ಲಿಯೇ ನಾವೂ ಇದ್ದೆವು. ಹುಮ್ಮಸ್ಸು ತಪ್ಪಲ್ಲ. ತಪ್ಪಾದದ್ದು ಬೇರೆ.

ಕೊಳವೆ ಜಾಲದಲ್ಲಿ ಐಸೊಲೇಟರ್ ಎಂಬ ಒಂದು ತುಂಡು ಇರುತ್ತದೆ. ನೋಡಲು ಗೇಣುದ್ದದ ಕೊಳವೆ. ನಡುವೆ ಗಾಜಿನ ನಾರು ಮತ್ತು ಎಪಾಕ್ಸಿ ಸೇರಿಸಿ ಮಾಡಿದ ನಳಿಕೆ, ಎರಡೂ ತುದಿಗೆ ಅಂಟಿಸಿದ ಸ್ಟೇನ್‌ಲೆಸ್ ಸ್ಟೀಲ್. ಇದು ಏಕೆ ಬೇಕೆಂದರೆ, ಅತಿವಾಹಕ ಕಾಂತ ಎಲ್ಲಾದರೂ ಒಂದು ಕಡೆ ಕಾವೇರಿ ತನ್ನ ಗುಣ ಕಳೆದುಕೊಂಡರೆ ಅದರಲ್ಲಿ ತುಂಬಿಕೊಂಡ ಶಕ್ತಿಯನ್ನು ಕೆಲವೇ ಸೆಕೆಂಡುಗಳಲ್ಲಿ ಹೊರಗೆ ಸಾಗಿಸಬೇಕು. ಆಗ ಸುರುಳಿಯ ಎರಡು ತುದಿಗಳ ನಡುವೆ ಸಾವಿರಾರು ವೋಲ್ಟ್ ಏಳುತ್ತದೆ. ಸುರುಳಿಯೊಳಗೆ ಹರಿಯುವ ಹೀಲಿಯಂ ಬರುವುದು ನೆಲಕ್ಕೆ ಅರ್ಥಿಂಗ್ ಆದ ಲೋಹದ ಕೊಳವೆಯಿಂದ. ನಡುವೆ ವಿದ್ಯುತ್ತು ದಾಟದ ತುಂಡೊಂದು ಇರಲೇಬೇಕು. ಅದು ವಿದ್ಯುತ್ತನ್ನು ತಡೆಯಬೇಕು, ಹೀಲಿಯಂ ಬಿಡಬೇಕು, ಆದರೆ ಹೊರಗಿನ ನಿರ್ವಾತಕ್ಕೆ ಒಂದು ಹನಿಯನ್ನೂ ಸೋರಗೊಡಬಾರದು.

ಕಷ್ಟವೆಲ್ಲ ಅಂಟಿನ ಗೆರೆಯಲ್ಲಿ. ಕೋಣೆಯ ಉಷ್ಣತೆಯಿಂದ ಹೀಲಿಯಂನ ಚಳಿಗೆ ಇಳಿದಾಗ ಸ್ಟೇನ್‌ಲೆಸ್ ಸ್ಟೀಲ್ ಮೀಟರಿಗೆ ಸುಮಾರು 3 ಮಿಲಿಮೀಟರ್ ಕುಗ್ಗುತ್ತದೆ. ಗಾಜುನಾರಿನ ನಳಿಕೆ ನಾರಿನ ದಿಕ್ಕಿನಲ್ಲಿ ಒಂದು ಲೆಕ್ಕದಲ್ಲಿ, ನಾರಿಗೆ ಅಡ್ಡಲಾಗಿ ಅದರ ಎರಡು ಪಟ್ಟಿಗೂ ಹೆಚ್ಚು ಕುಗ್ಗುತ್ತದೆ. ನಮ್ಮೂರಿನ ಕಮ್ಮಾರ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರು ಸುರಿಯುತ್ತಿದ್ದುದನ್ನು ನಾನು ನೋಡಿದ್ದೇನೆ. ಪಟ್ಟಿ ಕುಗ್ಗಿ ಮರವನ್ನು ಬಿಗಿದು ಕೂರುತ್ತಿತ್ತು. ಅಲ್ಲಿ ಕುಗ್ಗುವಿಕೆ ಕಮ್ಮಾರನ ಪರವಾಗಿ ದುಡಿಯುತ್ತದೆ. ಐಸೊಲೇಟರಿನಲ್ಲಿ ಅದೇ ಬಲ ಎರಡು ವಸ್ತುಗಳನ್ನು ಅಂಟಿನಿಂದ ಕಿತ್ತುಕೊಳ್ಳಲು ಎಳೆಯುತ್ತದೆ. ಅಂಟು ಚೆನ್ನಾಗಿ ಕೂತಿದ್ದರೆ ತಡೆಯುತ್ತದೆ. ಒಂದು ಕಡೆ ಸ್ವಲ್ಪ ಸಡಿಲವಿದ್ದರೂ ಅಲ್ಲಿಂದ ಸೀಳು ಹೊರಡುತ್ತದೆ.

ಇದನ್ನು ಕಂಡುಹಿಡಿಯುವ ವಿಧಾನ ಹೊಸದಲ್ಲ. ತುಂಡನ್ನು ದ್ರವ ಸಾರಜನಕದಲ್ಲಿ ಮುಳುಗಿಸಿ, ಎತ್ತಿ, ಕೋಣೆಯ ಕಾವಿಗೆ ತಂದು, ಮತ್ತೆ ಮುಳುಗಿಸಿ, ಹೀಗೆ ಹಲವು ಸಲ ಮಾಡಬೇಕು. ಸಾರಜನಕ ಕುದಿಯುವುದು 77 ಕೆಲ್ವಿನ್‌ನಲ್ಲಿ. ಹೀಲಿಯಂನ ಚಳಿಗಿಂತ ಅದು ಎಷ್ಟೋ ಬೆಚ್ಚಗೆ. ಆದರೂ ಲೋಹ ಕುಗ್ಗುವ ಕೆಲಸ ಬಹುಪಾಲು ಅಷ್ಟರೊಳಗೇ ಮುಗಿದಿರುತ್ತದೆ, ಹಾಗಾಗಿ ಒಳ್ಳೆಯ ಪರೀಕ್ಷೆ. ಆಮೇಲೆ ಒಳಗೆ ನಿರ್ವಾತ ಮಾಡಿ, ಹೊರಗೆ ಹೀಲಿಯಂ ಊದಿ, ಲೀಕ್ ಡಿಟೆಕ್ಟರ್ ನೋಡಬೇಕು. ನಮಗೆ ಕೊಟ್ಟಿದ್ದ ಮಿತಿಯಲ್ಲಿ ಒಂದು ಘನ ಸೆಂಟಿಮೀಟರ್ ಅನಿಲ ಸೋರಿಹೋಗಲು ಮೂರು ವರ್ಷ ಹಿಡಿಯಬೇಕು, ಅದಕ್ಕಿಂತ ಬೇಗ ಸೋರಕೂಡದು. ಕರಾರಿನಲ್ಲಿ ಪ್ರತಿಯೊಂದು ತುಂಡಿಗೂ ಈ ಪರೀಕ್ಷೆ ಆಗಬೇಕೆಂದು ಬರೆದಿತ್ತು.

ಮೊದಲ ಕಂತಿನ ತುಂಡುಗಳೆಲ್ಲ ಪಾಸಾದವು. ಒಂದರಲ್ಲೂ ಸೋರಿಕೆಯಿಲ್ಲ. ಇತ್ತ ಕೆಲಸ ಹಿಂದೆ ಬಿದ್ದಿತ್ತು. ದ್ರವ ಸಾರಜನಕದ ಟ್ಯಾಂಕರು ಸಮಯಕ್ಕೆ ಬರುತ್ತಿರಲಿಲ್ಲ, ಪರೀಕ್ಷೆಯ ತೊಟ್ಟಿ ಒಂದೇ ಇತ್ತು. ಗ್ರಾಹಕರ ಕಡೆಯಿಂದ ದಿನವೂ ಫೋನು. ಆಗ ನಾನು ಒಂದು ಟಿಪ್ಪಣಿ ಬರೆದೆ. ಮೊದಲ ಕಂತಿನ ಫಲಿತಾಂಶವನ್ನು ನೋಡಿದರೆ ತಯಾರಿಕೆಯ ವಿಧಾನ ಸ್ಥಿರವಾಗಿದೆ, ಇನ್ನು ಮುಂದೆ ಪ್ರತಿ ಕಂತಿನಿಂದ ಮಾದರಿಗೊಂದು ತೆಗೆದು ಚಳಿ ಪರೀಕ್ಷೆ ಮಾಡಿದರೆ ಸಾಕು, ಉಳಿದವಕ್ಕೆ ಕೋಣೆಯ ಕಾವಿನಲ್ಲೇ ಲೀಕ್ ಟೆಸ್ಟ್ ಮಾಡೋಣ ಎಂದು. ಗ್ರಾಫ್ ಹಾಕಿದೆ, ಸಂಖ್ಯಾಶಾಸ್ತ್ರದ ಸೂತ್ರ ಹಾಕಿದೆ. ಟಿಪ್ಪಣಿ ಚೆನ್ನಾಗಿತ್ತು. ಗ್ರಾಹಕರು ಒಪ್ಪಿದರು.

ಒಪ್ಪದವರು ಒಬ್ಬರೇ. ಪರೀಕ್ಷೆಯ ತೊಟ್ಟಿಯ ಹತ್ತಿರ ದಿನವಿಡೀ ನಿಲ್ಲುತ್ತಿದ್ದ ಮೇಸ್ತ್ರಿ. ವಯಸ್ಸಿನಲ್ಲಿ ನನ್ನ ತಂದೆಯಷ್ಟು ಹಿರಿಯರು.

“ಎಲ್ಲಾನೂ ಮುಳುಗಿಸಿಯೇ ಕಳಿಸೋಣ ಸಾರ್. ನಾನು ರಾತ್ರಿ ಶಿಫ್ಟೂ ನಿಲ್ತೀನಿ,” ಎಂದರು.

“ವಿಧಾನ ಒಂದೇ ಅಲ್ವಾ ಮೇಸ್ತ್ರಿ? ಅದೇ ಅಂಟು, ಅದೇ ಓವನ್.”

“ವಿಧಾನ ಒಂದೇ ಸಾರ್. ಕೈ ಒಂದೇ ಅಲ್ಲವಲ್ಲ.”

ನಾನು ನಕ್ಕು ಅವರ ಬೆನ್ನು ತಟ್ಟಿ ಹೋದೆ. ಅವರು ಏನು ಹೇಳುತ್ತಿದ್ದಾರೆಂದು ಕೇಳಲು ಇನ್ನೆರಡು ನಿಮಿಷ ಅಲ್ಲಿ ನಿಂತಿದ್ದರೆ ಸಾಕಾಗುತ್ತಿತ್ತು. ಅಂಟು ಹಾಕುವ ಮುನ್ನ ಉಕ್ಕಿನ ತುದಿಯನ್ನು ಮರಳು ಸಿಡಿಸಿ ಒರಟು ಮಾಡುತ್ತಿದ್ದ ಹುಡುಗ ಕೆಲಸ ಬಿಟ್ಟು ಹೋಗಿದ್ದ. ಅವನ ಜಾಗಕ್ಕೆ ಬಂದವನಿಗೆ ಎಷ್ಟು ಒರಟು ಬೇಕೆಂದು ಯಾರೂ ತೋರಿಸಿಕೊಟ್ಟಿರಲಿಲ್ಲ. ಮೇಸ್ತ್ರಿಗೆ ಅದು ಗೊತ್ತಿತ್ತು. ನನಗೆ ಗೊತ್ತಾದದ್ದು ಬಹಳ ತಡವಾಗಿ.

ಕೊಳವೆಗಳು ಹೋದವು, ಜೋಡಣೆಯಾದವು. ಅವುಗಳ ಸುತ್ತ ಹೊಳೆಯುವ ನಿರೋಧಕ ಹಾಳೆಗಳನ್ನು ಪದರ ಪದರವಾಗಿ ಸುತ್ತಿದರು. ಕ್ರಯೋಸ್ಟಾಟಿನ ಬಾಗಿಲು ಮುಚ್ಚಿದರು. ನಿರ್ವಾತ ಚೆನ್ನಾಗಿ ಬಂತು, ಕೋಣೆಯ ಕಾವಿನಲ್ಲಿ ಎಲ್ಲೂ ಸೋರಿಕೆಯಿಲ್ಲ. ತಂಪು ಮಾಡಲು ಶುರು ಮಾಡಿದರು. ಕಾಂತವನ್ನು ತಂಪು ಮಾಡುವುದು ನಿಧಾನದ ಕೆಲಸ. ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಬೇಗ ಕುಗ್ಗಿದರೆ ಒತ್ತಡ ಏಳುತ್ತದೆಂದು ಗಂಟೆಗೆ ಒಂದು ಡಿಗ್ರಿಯಂತೆ ಇಳಿಸುತ್ತಾರೆ. ನಿರ್ವಾತದ ಮಾಪಕ ಮೊದಲು ಇನ್ನೂ ಸುಧಾರಿಸಿತು, ಯಾಕೆಂದರೆ ತಣ್ಣನೆಯ ಗೋಡೆಗೆ ತೇವಾಂಶ ಅಂಟಿಕೊಳ್ಳುತ್ತದೆ. ಆಮೇಲೆ, ನೂರು ಕೆಲ್ವಿನ್ ಆಸುಪಾಸಿನಲ್ಲಿ, ಸೂಜಿ ಹಿಂದಕ್ಕೆ ತಿರುಗಿತು. ನಿರ್ವಾತ ಕೆಡತೊಡಗಿತು. ಅನಿಲದ ವಿಶ್ಲೇಷಕ ತೋರಿಸಿದ್ದು ಹೀಲಿಯಂ.

ನಿರ್ವಾತ ಕೆಟ್ಟರೆ ಚಳಿ ಉಳಿಯುವುದಿಲ್ಲ. ಖಾಲಿ ಜಾಗದಲ್ಲಿ ಅಲೆಯುವ ಅನಿಲದ ಕಣಗಳು ಹೊರಗಿನ ಬಿಸಿಯನ್ನು ಹೊತ್ತು ಒಳಕ್ಕೆ ತಂದು ಸುರಿಯುತ್ತವೆ. ದ್ರವ ಹೀಲಿಯಂನ ಮಟ್ಟದಲ್ಲಿ ಒಂದು ವ್ಯಾಟ್ ಬಿಸಿಯನ್ನು ಹೊರಹಾಕಲು ಹೊರಗೆ ಇನ್ನೂರು ಮುನ್ನೂರು ವ್ಯಾಟ್ ವಿದ್ಯುತ್ತು ಬೇಕು. ಹೀಗಾಗಿ ಸಣ್ಣ ಸೋರಿಕೆಯೂ ಇಡೀ ಶೀತಕ ಯಂತ್ರವನ್ನು ಸೋಲಿಸುತ್ತದೆ. ಅದರ ಮೇಲೆ, ತಣ್ಣಗಾದಷ್ಟೂ ಹೀಲಿಯಂ ದಟ್ಟವಾಗುತ್ತದೆ, ನೂರಾರು ಪಟ್ಟು. ಅದೇ ಬಿರುಕಿನಿಂದ ಹೊರಬೀಳುವ ಹೀಲಿಯಂನ ಪ್ರಮಾಣವೂ ಹಾಗೇ ಏರುತ್ತದೆ. ಪ್ರಯೋಗ ನಿಲ್ಲಿಸಿ ಎಲ್ಲವನ್ನೂ ಮತ್ತೆ ಬೆಚ್ಚಗೆ ಮಾಡಿದರು. ಬೆಚ್ಚಗಾದ ಮೇಲೆ ಹುಡುಕಿದರೆ ಸೋರಿಕೆ ಇಲ್ಲ! ಬಿರುಕು ಮುಚ್ಚಿಕೊಂಡಿತ್ತು.

ಇದನ್ನು ನಮ್ಮವರು ಕೋಲ್ಡ್ ಲೀಕ್ ಎನ್ನುತ್ತಾರೆ. ಅನುಭವಿಸಿದವರಿಗೆ ಮಾತ್ರ ಅದರ ಸಂಕಟ ಗೊತ್ತು. ತಣ್ಣಗಿದ್ದಾಗ ಇದೆ, ಆದರೆ ಆಗ ಯಾರೂ ಒಳಗೆ ಕೈ ಹಾಕಲಾರರು. ಕೈ ಹಾಕಬಹುದಾದಾಗ ಅದು ಇಲ್ಲ. ಒಂದೊಂದೇ ಕೊಳವೆ ಸಾಲನ್ನು ಬೇರ್ಪಡಿಸಿ, ಹೀಲಿಯಂ ತುಂಬಿ, ಮತ್ತೆ ತಂಪು ಮಾಡಿ, ಕಾದು, ಬೆಚ್ಚಗೆ ಮಾಡಿ, ಹೀಗೆ ತಿಂಗಳುಗಟ್ಟಲೆ ನಡೆಯಿತು. ಆ ತಿಂಗಳುಗಳಲ್ಲಿ ನಾನು ನಡೆದುಕೊಂಡ ರೀತಿ ಆ ಟಿಪ್ಪಣಿಗಿಂತ ದೊಡ್ಡ ತಪ್ಪು ಎಂದು ಇಂದು ನನಗೆ ಅನ್ನಿಸುತ್ತದೆ. ಸಾಗಣೆಯಲ್ಲಿ ಪೆಟ್ಟು ಬಿದ್ದಿರಬೇಕೆಂದು ಬರೆದೆ. ಜೋಡಿಸುವವರು ಕೊಳವೆಯನ್ನು ಎಳೆದು ಕೂರಿಸಿರಬೇಕೆಂದು ಬರೆದೆ. ತಂಪು ಮಾಡುವ ವೇಗ ಹೆಚ್ಚಾಗಿರಬೇಕೆಂದು ಬರೆದೆ. ಒಂದೊಂದು ಪತ್ರವೂ ತರ್ಕಬದ್ಧವಾಗಿತ್ತು. ಐಸೊಲೇಟರುಗಳ ಕಡೆಗೆ ಹುಡುಕಾಟ ತಿರುಗದಂತೆ ನಾನು ತಡೆದೆ ಎಂದೇ ಹೇಳಬೇಕು. ನನಗೆ ಸುಳ್ಳು ಹೇಳುವ ಉದ್ದೇಶವಿರಲಿಲ್ಲ, ಆದರೆ ನನ್ನ ಟಿಪ್ಪಣಿ ತಪ್ಪಿದ್ದಿರಬಹುದು ಎಂಬ ಯೋಚನೆ ಬಂದಾಗಲೆಲ್ಲ ಬೇರೊಂದು ಕಾರಣ ತಾನಾಗಿ ಹೊಳೆಯುತ್ತಿತ್ತು. ಇನ್ನೊಬ್ಬರ ಕಾಲವನ್ನು ನಾನು ಹಾಗೆ ತಿಂದೆ.

ಕೊನೆಗೆ ಸಿಕ್ಕಿತು. ತುಂಡನ್ನು ಉದ್ದಕ್ಕೆ ಕೊಯ್ದು ನೋಡಿದಾಗ ಅಂಟು ಉಕ್ಕಿನಿಂದ ಹಾಳೆಯಂತೆ ಬಿಟ್ಟುಕೊಂಡಿತ್ತು. ಉಕ್ಕಿನ ಮೈ ನುಣುಪಾಗಿತ್ತು. ಎರಡನೆಯ ಕಂತಿನ ತುಂಡು ಅದು. ಅದೇ ಕಂತಿನಿಂದ ಪರೀಕ್ಷೆಗೆಂದು ನಾವು ಆರಿಸಿದ ತುಂಡು ಚೆನ್ನಾಗಿಯೇ ಇತ್ತು.

ನನ್ನ ಲೆಕ್ಕ ಎಲ್ಲಿ ಎಡವಿತ್ತು ಎಂದು ಆಮೇಲೆ ಬಹಳ ಯೋಚಿಸಿದೆ. ಸೂತ್ರ ಸರಿಯಿತ್ತು, ಅದನ್ನು ಹಾಕಬಾರದ ಕಡೆ ಹಾಕಿದ್ದೆ. ಮಾದರಿ ತೆಗೆದು ಪರೀಕ್ಷಿಸುವ ಪದ್ಧತಿ ಲಕ್ಷಗಟ್ಟಲೆ ಬೋಲ್ಟುಗಳನ್ನು ಒಂದೇ ಯಂತ್ರ ಉದುರಿಸುವ ಕಡೆ ಹೊಂದುತ್ತದೆ. ಅಲ್ಲಿ ಸಾವಿರಕ್ಕೊಂದು ಕೆಟ್ಟರೆ ಬಿಸಾಡಿ ಇನ್ನೊಂದು ಹಾಕಬಹುದು. ಸಮ್ಮಿಲನದ ಯಂತ್ರದಲ್ಲಿ ಒಂದೊಂದು ಜೋಡಣೆಯೂ ಒಬ್ಬರ ಕೈಯಲ್ಲಿ ಆದದ್ದು, ಮತ್ತು ಒಂದೂ ಕೆಡುವಂತಿಲ್ಲ. ಒಂದು ಜೋಡಣೆ ಸಾವಿರಕ್ಕೆ 999ರಷ್ಟು ನಂಬಿಕಸ್ಥ ಎಂದಿಟ್ಟುಕೊಳ್ಳಿ. ಅಂಥ ಸಾವಿರ ಜೋಡಣೆಗಳು ಒಟ್ಟಿಗೆ ಚೆನ್ನಾಗಿರುವ ಸಾಧ್ಯತೆ ನೂರಕ್ಕೆ 37 ಮಾತ್ರ. ಈ ಗುಣಾಕಾರ ಪಿಯುಸಿ ಹುಡುಗನೂ ಮಾಡುತ್ತಾನೆ. ನಾನು ಮಾಡಿದ್ದೆ ಕೂಡ, ಆದರೆ ಒಂದು ಕಂತಿನ ಮಟ್ಟಿಗೆ. ಇಡೀ ಜಾಲಕ್ಕೆ ಮಾಡಲಿಲ್ಲ.

ಇನ್ನು ಟೋಕಮಾಕ್‌ನ ಆಕಾರವೇ ರಿಪೇರಿಗೆ ವೈರಿ. ನಿರ್ವಾತ ಕೋಣೆ ಉಂಗುರ, ಅದನ್ನು ಸುತ್ತುವ ಕಾಂತಗಳೂ ಉಂಗುರಗಳು. ಎರಡೂ ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಒಂದು ಕಾಂತ ಹೊರಗೆ ಬರಬೇಕಾದರೆ ಕೋಣೆಯನ್ನು ಕೊಯ್ಯಬೇಕು. ಅಮೆರಿಕದ ಎಂಐಟಿಯವರು 2015ರಲ್ಲಿ ಪ್ರಕಟಿಸಿದ ಆರ್ಕ್ ಎಂಬ ವಿನ್ಯಾಸದಲ್ಲಿ ಕಾಂತವನ್ನೇ ಬಿಚ್ಚಿ ತೆರೆಯುವಂತೆ ಮಾಡಬಹುದೆಂದು ತೋರಿಸಿದ್ದಾರೆ. ಹೊಸ ಬಗೆಯ ಅತಿವಾಹಕ ಪಟ್ಟಿಗಳು ಸುಮಾರು 20 ಕೆಲ್ವಿನ್‌ನಲ್ಲೂ ಕೆಲಸ ಮಾಡುವುದರಿಂದ ಜೋಡಣೆಯಲ್ಲಿ ಹುಟ್ಟುವ ಬಿಸಿಯನ್ನು ತಾಳಿಕೊಳ್ಳಬಹುದು ಎಂಬ ಆಸೆಯ ಮೇಲೆ ಆ ವಿನ್ಯಾಸ ನಿಂತಿದೆ. ನನಗೆ ಆ ದಿಕ್ಕು ಇಷ್ಟ. ಬಿಚ್ಚಬಹುದಾದ ಯಂತ್ರವನ್ನು ನಾನು ಹೆಚ್ಚು ನಂಬುತ್ತೇನೆ. ಆದರೆ ಬಿಚ್ಚುವ ಜಾಗವೆಂದರೆ ಮತ್ತೊಂದು ಜೋಡಣೆಯೇ ಎಂಬುದನ್ನೂ ಮರೆಯಲಾರೆ.

ನನ್ನ ಸೋಲಿನ ನಂತರ ಬೇರೆಯವರ ಅಪಘಾತ ವರದಿಗಳನ್ನು ಓದುವುದು ನನಗೆ ಅಭ್ಯಾಸವಾಯಿತು. ಜಿನೀವಾದ ಸರ್ನ್ ಪ್ರಯೋಗಾಲಯದಲ್ಲಿ 2008ರ ಸೆಪ್ಟೆಂಬರ್ 19ರಂದು ಎರಡು ಕಾಂತಗಳ ನಡುವಿನ ಒಂದು ಬೆಸುಗೆ ಕಾವೇರಿ ಕರಗಿತು. ಅಲ್ಲಿನ ವಿದ್ಯುತ್ ತಡೆ ಒಂದು ಓಮ್‌ನ ಕೋಟಿಯಲ್ಲಿ ಎರಡು ಪಾಲಿನಷ್ಟು ಇದ್ದಿರಬೇಕೆಂದು ಅಂದಾಜು ಮಾಡಿದರು. ನಮ್ಮ ಮನೆಯ ವೈರಿಂಗಿನಲ್ಲಿ ಅದು ಲೆಕ್ಕಕ್ಕೇ ಇಲ್ಲ. ಅಲ್ಲಿ ಅಷ್ಟೇ ಸಾಕಾಯಿತು. ಕಿಡಿಯ ಕಮಾನು ಹೀಲಿಯಂ ಕವಚವನ್ನು ತೂತು ಮಾಡಿ ಸುಮಾರು 6 ಟನ್ ಹೀಲಿಯಂ ಹೊರಬಿತ್ತು, 50ಕ್ಕೂ ಹೆಚ್ಚು ಕಾಂತಗಳು ಕೆಟ್ಟವು, ಯಂತ್ರ ಒಂದು ವರ್ಷಕ್ಕೂ ಮೇಲೆ ನಿಂತುಹೋಯಿತು.

ನನಗೆ ಇನ್ನೂ ಹತ್ತಿರದ ಪಾಠ ಜಪಾನಿನ ನಾಕಾದ್ದು. ಅಲ್ಲಿನ ಜೆಟಿ-60ಎಸ್‌ಎ ಟೋಕಮಾಕ್‌ನ ಕಾಂತಗಳನ್ನು 2021ರ ಮಾರ್ಚ್‌ನಲ್ಲಿ ಪರೀಕ್ಷಿಸುತ್ತಿದ್ದಾಗ ಒಂದು ಸುರುಳಿಗೆ ವಿದ್ಯುತ್ತು ತರುವ ತಂತಿಯ ಜೋಡಣೆಯಲ್ಲಿ ನಿರೋಧಕದ ಹೊದಿಕೆ ಸೋತಿತು. ಶಾರ್ಟ್ ಆಯಿತು, ಕಿಡಿ ಹಾರಿತು, ಹೀಲಿಯಂ ನಿರ್ವಾತಕ್ಕೆ ಸೋರಿತು. ಇಲ್ಲೊಂದು ಸೂಕ್ಷ್ಮವಿದೆ. ಪೂರ್ಣ ನಿರ್ವಾತದಲ್ಲಿ ವಿದ್ಯುತ್ತು ಹಾರುವುದು ಕಷ್ಟ, ತುಂಬಿದ ಗಾಳಿಯಲ್ಲೂ ಕಷ್ಟ. ಎರಡರ ನಡುವೆ, ಅರೆಬರೆ ನಿರ್ವಾತದಲ್ಲಿ, ಅದು ಬಹಳ ಸುಲಭವಾಗಿ ಹಾರುತ್ತದೆ. ಪಾಶೆನ್ ಎಂಬ ಜರ್ಮನ್ ಭೌತವಿಜ್ಞಾನಿ ಇದನ್ನು 1889ರಲ್ಲೇ ಹೇಳಿದ್ದ. ಹೀಲಿಯಂ ಇದ್ದರಂತೂ ಕೆಲವು ನೂರು ವೋಲ್ಟೇ ಸಾಕು. ಅಂದರೆ ಸಣ್ಣ ಸೋರಿಕೆಯೊಂದು ಚಳಿಯನ್ನು ಕೆಡಿಸುವುದರ ಜೊತೆಗೆ, ಸಾವಿರಾರು ವೋಲ್ಟ್ ತಡೆಯಬೇಕಾದ ನಿರೋಧಕದಲ್ಲಿ ಎಲ್ಲಿ ಸಣ್ಣ ತೂತಿದೆಯೋ ಅಲ್ಲಿಗೆ ಕಿಡಿಗೆ ದಾರಿ ಮಾಡಿಕೊಡುತ್ತದೆ. ಜಪಾನಿನವರು ಎರಡು ವರ್ಷ ಕೂತು ಜೋಡಣೆಗಳ ಹೊದಿಕೆಯನ್ನು ಬಲಪಡಿಸಿದರು, ಬೇಕೆಂದೇ ಅರೆಬರೆ ನಿರ್ವಾತದಲ್ಲಿಟ್ಟು ವೋಲ್ಟೇಜು ಹಾಯಿಸಿ ನೋಡಿದರು. 2023ರ ಅಕ್ಟೋಬರ್‌ನಲ್ಲಿ ಅಲ್ಲಿ ಮೊದಲ ಪ್ಲಾಸ್ಮಾ ಹೊಮ್ಮಿತು. ನನ್ನ ಐಸೊಲೇಟರು ಕಾಂತಕ್ಕೆ ವಿದ್ಯುತ್ತು ಹರಿಸಿದ ಮೇಲೆ ಸೋರಿದ್ದರೆ ಏನಾಗುತ್ತಿತ್ತು ಎಂದು ಆ ವರದಿ ಓದಿದ ದಿನ ನನಗೆ ಅರ್ಥವಾಯಿತು.

ಐಟರ್‌ಗೂ ಇದು ತಪ್ಪಲಿಲ್ಲ. ಕಾಂತಗಳಿಗೆ ಬಿಸಿಯ ಕಿರಣ ತಾಗದಂತೆ ನಡುವೆ ನಿಲ್ಲುವ ಬೆಳ್ಳಿ ಲೇಪದ ತೆಳು ಗುರಾಣಿಗಳ ಕೊಳವೆಗಳಲ್ಲಿ ಬಿರುಕು ಕಂಡಿತೆಂದು 2022ರ ನವೆಂಬರ್‌ನಲ್ಲಿ ಅವರೇ ಬಹಿರಂಗವಾಗಿ ಹೇಳಿದರು. ಬೆಸುಗೆ ಹಾಕಿದ ಕಡೆಯ ಒತ್ತಡ, ಬೆಳ್ಳಿ ಲೇಪಿಸುವ ಹಂತದಲ್ಲಿ ಸಂದಿಯಲ್ಲಿ ಉಳಿದ ಕ್ಲೋರಿನ್ ಅಂಶ, ಎರಡೂ ಸೇರಿ ಉಕ್ಕನ್ನು ನಿಧಾನವಾಗಿ ತಿಂದಿದ್ದವು. ಕೆಲವು ಬಿರುಕುಗಳ ಆಳ 2.2 ಮಿಲಿಮೀಟರ್. ಸುಮಾರು 23 ಕಿಲೋಮೀಟರ್ ಕೊಳವೆಯ ಪ್ರಶ್ನೆ ಅದು. ಅಷ್ಟರಲ್ಲಿ ಯಂತ್ರದ ಮೊದಲ ಭಾಗವನ್ನು ಗುಂಡಿಯೊಳಗೆ ಇಳಿಸಿ ಕೂರಿಸಿಯಾಗಿತ್ತು. ಅದನ್ನು 2023ರಲ್ಲಿ ಮತ್ತೆ ಮೇಲಕ್ಕೆತ್ತಿದರು. ಕೂರಿಸಿದ್ದನ್ನು ಎತ್ತಲು ಎದೆಗಾರಿಕೆ ಬೇಕು. ಪ್ರಪಂಚವೆಲ್ಲ ವಿಳಂಬದ ಲೆಕ್ಕ ಹಾಕುತ್ತಿರುವಾಗ ಅವರು ಮಾಡಿದ ಆ ಕೆಲಸವನ್ನು ನಾನು ಗೌರವದಿಂದ ನೋಡುತ್ತೇನೆ, ಯಾಕೆಂದರೆ ಅದಕ್ಕಿಂತ ಎಷ್ಟೋ ಸಣ್ಣ ಸಂದರ್ಭದಲ್ಲಿ ನನಗೆ ಅದು ಆಗಲಿಲ್ಲ. 2024ರಲ್ಲಿ ಪ್ರಕಟವಾದ ಹೊಸ ಯೋಜನೆಯ ಪ್ರಕಾರ ಐಟರ್‌ನಲ್ಲಿ ಸಂಶೋಧನೆ ಶುರುವಾಗುವುದು 2034ರಲ್ಲಿ, ನಿಜವಾದ ಇಂಧನವಾದ ಡ್ಯೂಟೀರಿಯಂ ಟ್ರಿಟಿಯಂ ಉರಿಸುವುದು 2039ರಲ್ಲಿ. ಇದರ ಜೊತೆಗೆ ಕೆಲವು ಕಾಂತಗಳನ್ನು ಜೋಡಿಸುವ ಮುಂಚೆಯೇ 4 ಕೆಲ್ವಿನ್ ಚಳಿಯಲ್ಲಿಟ್ಟು ನೋಡುವ ಏರ್ಪಾಡನ್ನೂ ಮಾಡಿಕೊಂಡಿದ್ದಾರೆ.

ಮೊದಲೇ ನೋಡಿದವರೂ ಇದ್ದಾರೆ. ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನ ವೆಂಡೆಲ್‌ಸ್ಟೈನ್ 7-ಎಕ್ಸ್ ಯಂತ್ರಕ್ಕೆ 70 ಅತಿವಾಹಕ ಸುರುಳಿಗಳು. ಅವುಗಳಲ್ಲಿ 50 ಸುರುಳಿಗಳಿಗೆ ತಿರುಚಿ ಮುರುಚಿದ ಆಕಾರ. ಎಲ್ಲವನ್ನೂ ಫ್ರಾನ್ಸಿನ ಸಾಕ್ಲೆಗೆ ಸಾಗಿಸಿ ಒಂದೊಂದನ್ನೂ ಚಳಿಯಲ್ಲಿ ಪರೀಕ್ಷಿಸಿ ಆಮೇಲೆ ಜೋಡಿಸಿದರು. ವರ್ಷಗಳು ಹಿಡಿದವು, ಖರ್ಚು ಏರಿತು, ಟೀಕೆ ಬಂತು. 2015ರ ಡಿಸೆಂಬರ್‌ನಲ್ಲಿ ಯಂತ್ರ ಹೊತ್ತಿಕೊಂಡಾಗ ಕಾಂತಕ್ಷೇತ್ರ ಲಕ್ಷಕ್ಕೊಂದು ಪಾಲಿಗಿಂತಲೂ ಕಡಿಮೆ ದೋಷದಲ್ಲಿ ವಿನ್ಯಾಸಕ್ಕೆ ಹೊಂದಿತ್ತು. ನಮ್ಮ ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ ಎಸ್‌ಎಸ್‌ಟಿ-1 ಟೋಕಮಾಕ್ ಕೂಡ ಇದೇ ದಾರಿಯಲ್ಲಿ ಗೆದ್ದದ್ದು. ಮೊದಲ ಜೋಡಣೆಯ ನಂತರ ಕಂಡ ತೊಂದರೆಗಳಿಗೆ ಅವರು ತೇಪೆ ಹಾಕಲಿಲ್ಲ. ಯಂತ್ರವನ್ನು ಬಿಚ್ಚಿದರು, 16 ಕಾಂತಗಳನ್ನೂ ಒಂದೊಂದಾಗಿ ಚಳಿಯಲ್ಲಿ ಪರೀಕ್ಷಿಸಿದರು, ಜೋಡಣೆಗಳನ್ನು ಹೊಸದಾಗಿ ಮಾಡಿದರು. 2013ರ ಜೂನ್‌ನಲ್ಲಿ ಅಲ್ಲಿ ಪ್ಲಾಸ್ಮಾ ಬೆಳಗಿತು. ಸುದ್ದಿ ಪತ್ರಿಕೆಗಳಲ್ಲಿ ಆ ಬಿಚ್ಚಿ ಕಟ್ಟಿದ ಕಥೆಗೆ ಜಾಗ ಸಿಗಲಿಲ್ಲ. ಎಂಜಿನಿಯರಿಂಗ್ ಓದುವ ಮಕ್ಕಳಿಗೆ ನಾನು ಮೊದಲು ಹೇಳುವುದೇ ಅದನ್ನು.

ನನ್ನ ಆ ಸೋಲಿನ ನಂತರ ನಮ್ಮ ಕಾರ್ಖಾನೆಯಲ್ಲಿ ಚಳಿಗೆ ಹೋಗುವ ಪ್ರತಿ ಜೋಡಣೆಯೂ ಚಳಿಯಲ್ಲಿ ಮುಳುಗಿ ಏಳದೆ ಹೊರಗೆ ಹೋಗಲಿಲ್ಲ. ಅಂಟು ಹಾಕುವ ಮೊದಲು ಉಕ್ಕಿನ ಒರಟುತನವನ್ನು ಅಳೆದು ಬರೆದಿಡುವ ರೂಢಿ ತಂದೆವು. ಬರೆಯುವ ಪುಸ್ತಕ ಮೇಸ್ತ್ರಿಯ ಕೈಯಲ್ಲಿ, ತಡೆಯುವ ಅಧಿಕಾರವೂ ಅವರಿಗೇ. ಯಾವ ಪರಿಸ್ಥಿತಿಯಲ್ಲಿ ದುಡಿಯಬೇಕೋ ಅದೇ ಪರಿಸ್ಥಿತಿಯಲ್ಲಿ ಪರೀಕ್ಷಿಸು ಎಂಬ ನಿಯಮವನ್ನು ನಾನು ಬಹಳ ವರ್ಷ ಪೂರ್ತಿ ನಂಬಿದ್ದೆ.

ಆ ನಿಯಮ ಪಾಲಿಸಲು ಆಗದ ಜಾಗವೊಂದು ಈ ಯಂತ್ರದಲ್ಲಿದೆ ಎಂದು ಗೊತ್ತಾದದ್ದು ಆಮೇಲೆ. ಡ್ಯೂಟೀರಿಯಂ ಟ್ರಿಟಿಯಂ ಬೆಸೆದಾಗ ಹೊರಡುವ ನ್ಯೂಟ್ರಾನಿನ ಶಕ್ತಿ 14.1 ದಶಲಕ್ಷ ಎಲೆಕ್ಟ್ರಾನ್ ವೋಲ್ಟ್. ಕೈಗಾದಂಥ ವಿದಳನ ಸ್ಥಾವರದಲ್ಲಿ ಹುಟ್ಟುವ ನ್ಯೂಟ್ರಾನಿನ ಸರಾಸರಿ ಶಕ್ತಿ ಸುಮಾರು ಎರಡು ದಶಲಕ್ಷ. ವಿದ್ಯುತ್ತು ಕೊಡುವ ಸಮ್ಮಿಲನ ಸ್ಥಾವರದ ಒಳಗೋಡೆಯ ಉಕ್ಕಿನಲ್ಲಿ ಪ್ರತಿಯೊಂದು ಪರಮಾಣುವೂ ತನ್ನ ಜಾಗದಿಂದ ಹತ್ತಾರು ಸಲ ಪಲ್ಲಟಗೊಳ್ಳುತ್ತದೆಂದು ಲೆಕ್ಕ. ಐಟರ್‌ನಲ್ಲಿ ಅದರ ಇಡೀ ಬಾಳಿನಲ್ಲಿ ಆಗುವುದು ಎರಡು ಮೂರು ಸಲದಷ್ಟು. ಅಷ್ಟು ಹೊಡೆತವನ್ನು ಆ ಶಕ್ತಿಯಲ್ಲಿ, ಆ ದಟ್ಟಣೆಯಲ್ಲಿ ಕೊಟ್ಟು ಉಕ್ಕನ್ನು ಪರೀಕ್ಷಿಸುವ ಜಾಗ ಇವತ್ತಿಗೆ ಭೂಮಿಯ ಮೇಲೆ ಇಲ್ಲ. ಸ್ಪೇನಿನ ಗ್ರನಾಡಾ ಬಳಿ ಕಟ್ಟುತ್ತಿರುವ ಇಫ್ಮಿಫ್-ಡೋನ್ಸ್ ಅದಕ್ಕಾಗಿಯೇ ಹುಟ್ಟುತ್ತಿದೆ. ಅಲ್ಲಿ ವೇಗದ ಡ್ಯೂಟೀರಿಯಂ ಕಣಗಳನ್ನು ಹರಿಯುವ ದ್ರವ ಲಿಥಿಯಂಗೆ ಹೊಡೆದು ನ್ಯೂಟ್ರಾನ್ ಮಳೆ ಸುರಿಸುತ್ತಾರೆ. ಪರೀಕ್ಷೆಗೆ ಸಿಗುವ ಜಾಗ ಅರ್ಧ ಲೀಟರಿನಷ್ಟು, ಅದಕ್ಕೆ ಬೆರಳುದ್ದದ ಉಕ್ಕಿನ ಚೂರುಗಳನ್ನೇ ಇಡಬೇಕು. ಪೂರ್ತಿ ಜೋಡಣೆಯನ್ನು ಅಲ್ಲಿ ಇಡಲಾಗದು.

ನ್ಯೂಟ್ರಾನ್ ಹೊಡೆತಕ್ಕೆ ಉಕ್ಕಿನೊಳಗಿನ ಕೆಲವು ಪರಮಾಣುಗಳು ಒಡೆದು ಅಲ್ಲೇ ಹೀಲಿಯಂ ಹುಟ್ಟುತ್ತದೆ. ಹೊರಗಿನಿಂದ ಊದಿ ಬಿರುಕು ಹುಡುಕಲು ನಾನು ಬಳಸುತ್ತಿದ್ದ ಅದೇ ಅನಿಲ ಲೋಹದ ಗರ್ಭದಲ್ಲೇ ಸೇರಿಕೊಳ್ಳುತ್ತದೆ. ಅಂಥ ಉಕ್ಕಿಗೆ ಮತ್ತೆ ಬೆಸುಗೆ ಹಾಕಹೊರಟರೆ ಕಾವಿಗೆ ಹೀಲಿಯಂ ಗುಳ್ಳೆಗಳು ಲೋಹದ ಹರಳುಗಳ ಅಂಚಿಗೆ ಬಂದು ಕೂಡಿಕೊಂಡು ಬೆಸುಗೆ ಬಿರಿಯುತ್ತದೆ. ದಪ್ಪ ತಗಡಿಗೆ ದಶಲಕ್ಷ ಪರಮಾಣುಗಳಲ್ಲಿ ಒಂದು ಹೀಲಿಯಂ ಎಂಬ ಮಿತಿಯನ್ನು ಐಟರ್ ವಿನ್ಯಾಸಕರು ಇಟ್ಟುಕೊಂಡಿದ್ದಾರೆ. ಟ್ರಿಟಿಯಂ ಹುಟ್ಟಿಸುವ ಲಿಥಿಯಂ ಹೊದಿಕೆಯನ್ನು ಸ್ಥಾವರದ ಬಾಳಿನಲ್ಲಿ ಹಲವು ಸಲ ಬದಲಿಸಬೇಕು. ಪ್ರತಿ ಸಲವೂ ಅದರ ಕೊಳವೆಗಳನ್ನು ರೋಬೋಟುಗಳು ಕೊಯ್ದು ಮತ್ತೆ ಬೆಸೆಯಬೇಕು. ಹಾಗಾಗಿ ಎಲ್ಲಿ ಕೊಯ್ಯುವುದು ಎಂಬ ಗೆರೆ ನ್ಯೂಟ್ರಾನಿನ ನೇರ ಕಣ್ಣಿಗೆ ಬೀಳದಂತೆ, ಗುರಾಣಿಯ ಹಿಂದೆ, ಯಂತ್ರ ಕಟ್ಟುವ ಮೊದಲೇ ನಕ್ಷೆಯಲ್ಲಿ ನಿಗದಿಯಾಗಬೇಕು. ಈಗ ನನ್ನ ಮೇಜಿಗೆ ತಪಾಸಣೆಗೆ ಬರುವ ಸಮ್ಮಿಲನ ಯಂತ್ರದ ಕೊಳವೆ ನಕ್ಷೆಗಳಲ್ಲಿ ಒತ್ತಡ, ದಪ್ಪ, ಉಷ್ಣತೆ ಎಲ್ಲ ಇರುತ್ತವೆ. ಈ ಗೆರೆ ಇಲ್ಲದಿದ್ದರೆ ನಾನು ಸಹಿ ಹಾಕುವುದಿಲ್ಲ.